ಸೂರ್ಯ ಸಿಡಿದರೆ ವಿಶ್ವಕಿರಣ ಇಳಿಯುವುದೇಕೆ?

ಪ್ರಶ್ನೆ: ಸೂರ್ಯನಲ್ಲಿ ಸ್ಫೋಟವಾದರೆ ಭೂಮಿಗೆ ಬರುವ ವಿಶ್ವಕಿರಣ ಹೆಚ್ಚಬೇಕಲ್ಲವೇ? ಕಡಿಮೆಯಾಗುತ್ತದೆ ಎಂದು ಓದಿದೆ. ಹೇಗೆ? — ಓದುಗರು, ಅರಸೀಕೆರೆ

ಉತ್ತರ: ಎರಡು ಬಗೆಯ ಕಣಗಳನ್ನು ಒಂದೇ ಎಂದುಕೊಂಡರೆ ಈ ಗೊಂದಲ ಬರುತ್ತದೆ. ಸ್ಫೋಟ ತಾನೇ ಚಿಮ್ಮಿಸುವ ಪ್ರೋಟಾನುಗಳು ಹೆಚ್ಚುವುದು ನಿಜ. ನಾವು ವಿಶ್ವಕಿರಣ ಎನ್ನುವುದು ಸೌರವ್ಯೂಹದ ಆಚೆಯಿಂದ ಬರುವ, ಅದಕ್ಕಿಂತ ಬಹಳ ಹೆಚ್ಚು ಶಕ್ತಿಯ ಕಣಗಳನ್ನು. ನೂರರಲ್ಲಿ ಸುಮಾರು ತೊಂಬತ್ತು ಪ್ರೋಟಾನುಗಳೇ. ಅವುಗಳಿಗೆ ವಿದ್ಯುದಾವೇಶ ಇರುವುದರಿಂದ ಕಾಂತಕ್ಷೇತ್ರ ಅಡ್ಡ ಬಂದರೆ ದಾರಿ ತಪ್ಪುತ್ತವೆ. ಸೂರ್ಯ ಎಸೆಯುವ ಪ್ಲಾಸ್ಮಾ (ಆವೇಶಗೊಂಡ ಅನಿಲ) ಮೋಡದಲ್ಲಿ ಹುರಿಗೊಂಡ ಕಾಂತಕ್ಷೇತ್ರ ತುಂಬಿರುತ್ತದೆ. ಮೋಡ ಹಾದುಹೋಗುವಾಗ ಭೂಮಿ ಗೊರಬು ಹೊದ್ದಂತೆ: ಮಳೆ ನಿಂತಿಲ್ಲ, ಮೈಮೇಲೆ ಬೀಳುವುದು ಕಡಿಮೆ, ಅಷ್ಟೇ. ಎಣಿಕೆ ಕೆಲವೇ ಗಂಟೆಗಳಲ್ಲಿ ಕುಸಿದು, ಹಲವು ದಿನ ತೆಗೆದುಕೊಂಡು ಮೇಲೇರುತ್ತದೆ. ಅಮೆರಿಕದ ಸ್ಕಾಟ್ ಫೋರ್ಬುಶ್ 1937ರಲ್ಲಿ ಇದನ್ನು ಗುರುತಿಸಿದ್ದರಿಂದ ಇದಕ್ಕೆ ಫೋರ್ಬುಶ್ ಇಳಿತ ಎಂದೇ ಹೆಸರು.

ಪ್ರಶ್ನೆ: ಹಾಗಾದರೆ ನಮ್ಮೂರಿನ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಉಪಗ್ರಹಗಳಿಗೆ ಅದು ಒಳ್ಳೆಯದೇ? — ವಿದ್ಯಾರ್ಥಿನಿ, ಹಾಸನ

ಉತ್ತರ: ಇಲ್ಲ. ವಿಶ್ವಕಿರಣ ಕೆಲವು ಶೇಕಡಾ ಇಳಿದ ಲಾಭವನ್ನು ಸೂರ್ಯನಿಂದಲೇ ನುಗ್ಗಿದ ಪ್ರೋಟಾನುಗಳು ನುಂಗಿಬಿಡುತ್ತವೆ. ಅವು ಸುತ್ತುವ ಭೂಸ್ಥಿರ ಕಕ್ಷೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ, ಭೂಮಿಯ ಕಾಂತರಕ್ಷೆ ಅಲ್ಲಿ ಬಹಳ ತೆಳು.

ಪ್ರಶ್ನೆ: ಈ ಇಳಿತ ಬೇರೆ ಗ್ರಹಗಳಲ್ಲೂ ಆಗುತ್ತದೆಯೇ? — ಓದುಗರು, ಸಕಲೇಶಪುರ

ಉತ್ತರ: ಆಗುತ್ತದೆ. 2014ರ ಅಕ್ಟೋಬರ್ 14ರಂದು ಹೊರಟ ಒಂದೇ ಮೋಡ ಮೂರನೇ ದಿನ ಮಂಗಳಕ್ಕೆ, ಎಂಟನೇ ದಿನ ಧೂಮಕೇತುವಿನ ಪಕ್ಕದಲ್ಲಿದ್ದ ರೊಸೆಟ್ಟಾ ನೌಕೆಗೆ, ನವೆಂಬರ್ 12ರಂದು ಶನಿಯ ಬಳಿಯ ಕ್ಯಾಸಿನಿ ನೌಕೆಗೆ ತಲುಪಿತು. ಮೂರೂ ಕಡೆ ವಿಶ್ವಕಿರಣದ ಎಣಿಕೆ ಇಳಿಯಿತು. ದೂರ ಸಾಗಿದಂತೆ ಮೋಡ ಹಿಗ್ಗಿ ಸಡಿಲವಾಗುತ್ತದೆ. ಹಾಗಾಗಿ ಇಳಿತ ಆಳ ಕಳೆದುಕೊಂಡು, ಹೆಚ್ಚು ದಿನ ಎಳೆಯುತ್ತದೆ.

ಪ್ರಶ್ನೆ: ಪಿಯುಸಿ ಮಕ್ಕಳು 20 ಸೆಂ.ಮೀ. ಚೌಕದ ಎರಡು ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದರೆ ಮಿನುಗುವ) ಹಲಗೆಗಳನ್ನು 10 ಸೆಂ.ಮೀ. ಅಂತರದಲ್ಲಿಟ್ಟು, ವಿಶ್ವಕಿರಣ ಗಾಳಿಗೆ ಬಡಿದಾಗ ಹುಟ್ಟಿ ನೆಲಕ್ಕಿಳಿಯುವ ಮ್ಯೂಆನ್ ಕಣಗಳನ್ನು ಎಣಿಸುತ್ತಿದ್ದಾರೆ. ಫೋರ್ಬುಶ್ ಇಳಿತ ಕಂಡೀತೇ? — ಅಧ್ಯಾಪಕರು, ಚಿಕ್ಕಮಗಳೂರು

ಉತ್ತರ: ದೊಡ್ಡದಾದರೆ ಮಾತ್ರ, ಅದೂ ತಾಳ್ಮೆಯಿದ್ದರೆ. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 17 ಗಿಗಾವೋಲ್ಟ್‌ಗಿಂತ ಕೆಳಗಿನ ಪ್ರೋಟಾನುಗಳನ್ನು ಮೊದಲೇ ತಡೆದಿರುತ್ತದೆ. ಇಳಿತ ಜೋರಾಗಿ ಕಾಣುವುದು ಆ ಕಡಿಮೆ ಶಕ್ತಿಯ ಕಣಗಳಲ್ಲೇ. ಧ್ರುವದ ಕಡೆ ಹತ್ತು ಶೇಕಡಾ ಇಳಿದದ್ದು ನಿಮ್ಮ ಹಲಗೆಯಲ್ಲಿ ಒಂದೆರಡು ಶೇಕಡಾ ಆಗಬಹುದು.

ಈಗ ಲೆಕ್ಕ ನೋಡಿ. ಎರಡೂ ಹಲಗೆ ಒಟ್ಟಿಗೆ ಮಿನುಗಿದ್ದನ್ನಷ್ಟೇ ಎಣಿಸಿದರೆ ನಿಮಿಷಕ್ಕೆ ಸುಮಾರು 150 ಸಿಗುತ್ತದೆ, ಗಂಟೆಗೆ 9,000. ಅದರ ವರ್ಗಮೂಲ 95, ಅಂದರೆ ಒಂದು ಶೇಕಡಾ ಏರಿಳಿತ ತಾನಾಗಿಯೇ ಇರುತ್ತದೆ. ಆರು ಗಂಟೆಯದ್ದನ್ನು ಕೂಡಿಸಿ; ಅದು 0.43 ಶೇಕಡಾಕ್ಕೆ ಇಳಿಯುತ್ತದೆ. ಊಟಿಯ ಗ್ರೇಪ್ಸ್-3 ಮ್ಯೂಆನ್ ದೂರದರ್ಶಕ 560 ಚದರ ಮೀಟರ್ ಹರಡಿಕೊಂಡಿರುವುದು ಇದೇ ಕಾರಣಕ್ಕೆ. ನಿಮ್ಮ ಹಲಗೆಯ 14,000 ಪಟ್ಟು.

ಮಕ್ಕಳು ಹೆಚ್ಚು ಮೋಸಹೋಗುವುದು ಗಾಳಿಯ ಒತ್ತಡದಿಂದ. ಒತ್ತಡ ಒಂದು ಹೆಕ್ಟೋಪಾಸ್ಕಲ್ ಏರಿದರೆ ಮ್ಯೂಆನ್ ಎಣಿಕೆ 0.1ರಿಂದ 0.2 ಶೇಕಡಾ ಇಳಿಯುತ್ತದೆ. ನಮ್ಮ ಭಾಗದಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಒತ್ತಡ ಮೂರು-ನಾಲ್ಕು ಹೆಕ್ಟೋಪಾಸ್ಕಲ್ ಬೀಳುವುದು ನಿತ್ಯದ ಸಂಗತಿ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದರೆ ಇನ್ನಷ್ಟು ಬೀಳುತ್ತದೆ, ಎಣಿಕೆ ಏರುತ್ತದೆ, ನಿಜವಾದ ಇಳಿತ ಅದರಡಿ ಮುಚ್ಚಿಹೋಗುತ್ತದೆ. ಒತ್ತಡ ಅಳೆಯುವ ಬಿಎಂಪಿ280 ಸಂವೇದಕವನ್ನು ಪಕ್ಕದಲ್ಲೇ ಕೂರಿಸಿ. ಸೂರ್ಯ ಶಾಂತವಾಗಿರುವ ಎರಡು ತಿಂಗಳ ಎಣಿಕೆಯನ್ನು ಒತ್ತಡದ ಎದುರು ಗ್ರಾಫ್ ಹಾಕಿ, ಗೆರೆಯ ಇಳಿಜಾರು ತೆಗೆದು, ಆಮೇಲೆ ಪ್ರತಿ ಓದನ್ನೂ ತಿದ್ದಿ.

ಎರಡನೇ ಮೋಸ ಶಾಖದ್ದು. ತಗಡಿನ ಚಾವಣಿಯ ಕೆಳಗೆ ಇಡಲೇಬೇಡಿ. ಮಿನುಗನ್ನು ಗ್ರಹಿಸುವ, ಹಲಗೆಯ ಅಂಚಿನ ಸಿಲಿಕಾನ್ ಸಂವೇದಕ ಕಾದಂತೆ ಅದರ ವರ್ಧನೆ ತಗ್ಗುತ್ತದೆ, ಮಧ್ಯಾಹ್ನವೆಲ್ಲ ಸುಳ್ಳು ಇಳಿತ ಕಾಣುತ್ತದೆ. ಕೆಳಮಹಡಿಯ ತಂಪು ಕೋಣೆಯೇ ಸರಿ. ಹಲಗೆಗೆ ಅಲ್ಯೂಮಿನಿಯಂ ಹಾಳೆ, ಮೇಲೆ ಎರಡು ಸುತ್ತು ಕಪ್ಪು ಟೇಪು. ಬೆಳಕು ಸೋರುತ್ತಿದೆಯೇ ಎಂದು ನೋಡಲು ಕೋಣೆಯ ದೀಪ ಹಾಕಿ ಆರಿಸಿ, ಎಣಿಕೆ ಅಲುಗಬಾರದು.

ಕೊನೆಗೆ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ವಿಶ್ವಕಿರಣ ಅಳೆಯುವ ನ್ಯೂಟ್ರಾನ್ ಮಾಪಕದ ದತ್ತಾಂಶ ಅಂತರ್ಜಾಲದಲ್ಲಿ ಮುಕ್ತವಾಗಿದೆ, ಅದರೊಂದಿಗೆ ಹೋಲಿಸಿ. ಅಲ್ಲಿಯ ಕುಸಿತ ಶುರುವಾದ ಹೊತ್ತಿನ ಆಸುಪಾಸಿನಲ್ಲೇ ನಿಮ್ಮದೂ ಇಳಿದು, ದಿನಗಟ್ಟಲೆ ಹಾಗೇ ಇದ್ದರೆ ಮಕ್ಕಳಿಗೆ ಸಿಕ್ಕಿರುವುದು ಸೂರ್ಯನದ್ದೇ ಗುರುತು.