ಪುಣೆಯ ಮನೆಗೆ ನೆಲದೊಳಗಿನ ಹೀಟ್ ಪಂಪ್ ಬೇಕೇ?

ಸ್ಟಾಕ್‌ಹೋಮಿನಲ್ಲಿರುವ ತಂಗಿಯ ಮನೆಯನ್ನು ಚಳಿಗಾಲವಿಡೀ ಬೆಚ್ಚಗಿಡುವ, ಕೊಳವೆಬಾವಿಗೆ ಪೈಪ್ ಇಳಿಸಿದ ಹೀಟ್ ಪಂಪನ್ನು ನೋಡಿ ಬಂದಿದ್ದೀರಿ. ಬಾಣೇರಿನಲ್ಲಿ ಕಟ್ಟಿಸುತ್ತಿರುವ ನಿಮ್ಮ ಮನೆಗೂ ಅದನ್ನೇ ಹಾಕಿಸಿದರೆ ಚಳಿಗೆ ಬಿಸಿ, ಬೇಸಿಗೆಗೆ ತಂಪು ಎರಡೂ ಸಿಗಬಹುದೇ ಎಂದು ಕೇಳಿದ್ದೀರಿ. ಪುಣೆಯಲ್ಲಿ ಕಟ್ಟಡಗಳ ಹವಾನಿಯಂತ್ರಣದ ವಿನ್ಯಾಸ ಮಾಡುವವನಾಗಿ ಹೇಳುವುದಾದರೆ, ಎರಡೂ ಸಿಗುತ್ತವೆ. ಆದರೆ ಬಂಡೆ ಕೊರೆಸುವ ಖರ್ಚಿಗೆ ತಕ್ಕ ಲಾಭ ಸಿಗುವುದಿಲ್ಲ.

ಈ ಯಂತ್ರ ಶಾಖವನ್ನು ಹುಟ್ಟಿಸುವುದಿಲ್ಲ. ಫ್ರಿಜ್ಜಿನ ಹಾಗೆ ಒಂದು ಕಡೆಯ ಶಾಖವನ್ನು ಕಂಪ್ರೆಸರಿನ ಬಲದಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ, ಮತ್ತು ಎರಡೂ ಕಡೆಯ ಉಷ್ಣತೆಯ ಅಂತರ ಕಡಿಮೆಯಾದಷ್ಟೂ ವಿದ್ಯುತ್ತು ಉಳಿಯುತ್ತದೆ. ಹತ್ತಾರು ಮೀಟರ್ ಆಳದಲ್ಲಿ ನೆಲದ ಉಷ್ಣತೆ ಆ ಊರಿನ ಗಾಳಿಯ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. (ವಜ್ರೇಶ್ವರಿಯ ಬಿಸಿನೀರಿನ ಬುಗ್ಗೆಗಳಿಗೂ ಇದಕ್ಕೂ ಸಂಬಂಧವಿಲ್ಲ, ಅನೇಕರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.) ಸ್ಟಾಕ್‌ಹೋಮಿನಲ್ಲಿ ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗಲೂ ನೆಲದೊಳಗೆ 7–8 ಡಿಗ್ರಿ ಇರುವುದರಿಂದಲೇ, ಒಂದು ಯೂನಿಟ್ ವಿದ್ಯುತ್ತಿಗೆ ಅಲ್ಲಿ ಮೂರು–ನಾಲ್ಕು ಯೂನಿಟ್ಟಿನಷ್ಟು ಶಾಖ ಮನೆಗೆ ಬರುತ್ತದೆ.

ಪುಣೆಯಲ್ಲಿ ಜನವರಿಯ ರಾತ್ರಿ 11–12 ಡಿಗ್ರಿಗೆ ಇಳಿದರೂ ಹಗಲು 30ರ ಹತ್ತಿರ ಏರುವುದರಿಂದ ಕೋಣೆಗಳನ್ನು ಕಾಯಿಸುವ ಪ್ರಶ್ನೆಯೇ ಏಳುವುದಿಲ್ಲ. ಉಳಿದದ್ದು ತಂಪು. ಇಲ್ಲಿನ ನೆಲದೊಳಗೆ ಸುಮಾರು 26–27 ಡಿಗ್ರಿ ಇರುತ್ತದೆ. ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯ ಗಾಳಿಗೆ ಹೋಲಿಸಿದರೆ ಅದು ಒಳ್ಳೆಯದೆಂದೇ ತೋರುತ್ತದೆ. ಆದರೆ ಮನೆಯ ಶಾಖವನ್ನು ನೆಲ ಹೀರಿಕೊಳ್ಳಬೇಕಾದರೆ ಪೈಪಿನ ನೀರು ನೆಲಕ್ಕಿಂತ ಕೆಲವು ಡಿಗ್ರಿ ಬಿಸಿಯಾಗಿರಲೇಬೇಕು, ಹಾಗಾಗಿ ಆ ಅನುಕೂಲದ ದೊಡ್ಡ ಪಾಲು ಅಲ್ಲಿಯೇ ಕರಗುತ್ತದೆ. ನೀವು ಎಸಿ ಹಾಕಿಕೊಂಡು ಮಲಗುವ ರಾತ್ರಿಯ ಹೊತ್ತಿಗಂತೂ ಹೊರಗಿನ ಗಾಳಿಯೇ ಆ ನೀರಿಗಿಂತ ತಂಪಾಗಿರುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸ್ವೀಡನ್ನಿನಲ್ಲಿ ಚಳಿಗಾಲದಲ್ಲಿ ತೆಗೆದ ಶಾಖವನ್ನು ಬೇಸಿಗೆ ಮರಳಿ ತುಂಬುತ್ತದೆ, ಇಲ್ಲಿ ತುಂಬುವುದಷ್ಟೇ ಇದೆ, ತೆಗೆಯುವುದಿಲ್ಲ. ಆದ್ದರಿಂದ ಕೊಳವೆಯ ಸುತ್ತಲಿನ ಬಂಡೆ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಾ ಹೋಗಿ ಯಂತ್ರದ ದಕ್ಷತೆ ಕುಗ್ಗುತ್ತದೆ. ಸ್ಥೂಲ ಲೆಕ್ಕದಲ್ಲಿ ಒಂದು ಟನ್ನಿನ ಎಸಿಗೆ ಸುಮಾರು 300 ಅಡಿ ಕೊರೆಯಬೇಕು, ಅದೂ ಕಪ್ಪು ಬಸಾಲ್ಟಿನಲ್ಲಿ. ಮೂರು ಕೋಣೆಗಳಿಗೆ ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಬಹುದು.

ಲೇಹ್‌ನಂಥ ಊರಿನಲ್ಲಿ ಅಥವಾ ವರ್ಷವಿಡೀ ಬಿಸಿನೀರೂ ತಂಪೂ ಒಟ್ಟಿಗೆ ಬೇಕಾಗುವ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಅಭಿಪ್ರಾಯ ಬೇರೆಯಾಗುತ್ತಿತ್ತು.

ನಿಮ್ಮ ಮನೆಗೆ ಸ್ನಾನದ ನೀರು ಕಾಯಿಸಲು, ಗಾಳಿಯಿಂದಲೇ ಶಾಖ ಹೀರುವ 200 ಲೀಟರಿನ ಹೀಟ್ ಪಂಪ್ ಹಾಕಿಸಿರಿ. ಗೀಸರಿಗೆ ಬೇಕಾಗುವ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಪಾಲು ಅದಕ್ಕೆ ಸಾಕು, ಮತ್ತು ಸೋಲಾರ್ ಕೈಕೊಡುವ ಮಳೆಗಾಲದ ದಿನಗಳಲ್ಲೂ ಅದು ನಡೆಯುತ್ತದೆ. ಅದನ್ನು ಗಾಳಿಯಾಡುವ ಜಾಗದಲ್ಲಿ, ಸ್ನಾನದ ಮನೆಗೆ ಆದಷ್ಟು ಹತ್ತಿರ ಇರಿಸಿ, ಗೋಡೆಗೆ ಗಾರೆ ಬೀಳುವ ಮೊದಲೇ ಬಿಸಿನೀರಿನ ಪೈಪಿಗೆ ಶಾಖನಿರೋಧಕ ಹೊದಿಕೆ ಹಾಕಿಸಿಕೊಳ್ಳಿ.