ಸತ್ತ ಹೆಗ್ಗಣದ ಮೈಮೇಲಿನ ಚಿಗಟ ನಮಗೆ ಹತ್ತುತ್ತದೆ, ಹೇನು ಏಕೆ ಹತ್ತುವುದಿಲ್ಲ?

ಹೇನಿಗೆ ಹೆಗ್ಗಣದ ಮೈಯೇ ಮನೆ. ಚಿಗಟಕ್ಕೆ ಮನೆ ಬಿಲ, ಹೆಗ್ಗಣ ಬರೀ ಊಟ.

ಹೇನು ಮೊಟ್ಟೆಯನ್ನೂ ಕೂದಲಿಗೇ ಅಂಟಿಸುತ್ತದೆ. ಅದರ ಉಗುರು ಆ ಕೂದಲನ್ನು ಹಿಡಿಯಲೆಂದೇ ರೂಪುಗೊಂಡಿದೆ, ಹಾಗಾಗಿ ನಮ್ಮ ಮೇಲೆ ಬಾಳದು. ಚಿಗಟದ ಮೊಟ್ಟೆಯಾದರೋ ಬಿಲದೊಳಗೆ ಉದುರಿಹೋಗುತ್ತದೆ. ಮರಿಹುಳು ಅಲ್ಲಿನ ಕಸವನ್ನೂ ದೊಡ್ಡ ಚಿಗಟಗಳ ರಕ್ತ ತುಂಬಿದ ಹಿಕ್ಕೆಯನ್ನೂ ತಿಂದು ಬೆಳೆಯುತ್ತದೆ. ಬೆಳೆದ ಮೇಲೆ ಬಿಸಿರಕ್ತ ಯಾರದಾದರೂ ನಡೆಯುತ್ತದೆ. ಹೆಗ್ಗಣ ಸತ್ತು ಮೈ ತಣ್ಣಗಾಯಿತೋ, ಬಿಟ್ಟು ಹಾರುತ್ತದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಇಲಿಯಿಂದ ಮನುಷ್ಯರಿಗೆ ದಾಟಿದ್ದು ಇಂಥ ಚಿಗಟಗಳಿಂದಲೇ.

ಮಂಡ್ಯದ ಕಡೆ ಕಬ್ಬಿನ ಗದ್ದೆಗೆ ಇಲಿಪಾಷಾಣ ಇಡುವವರು ದಯವಿಟ್ಟು ಸತ್ತದ್ದನ್ನು ಬರಿಗೈಲಿ ಎತ್ತಬೇಡಿ. ಸಲಿಕೆಯಲ್ಲಿ ಎತ್ತಿ ಆಳವಾಗಿ ಹೂಳಿ.