ಉಂಡ ಮೇಲೆ ಎದೆ ಹಾರುತ್ತದೆ ಎಂದು ಊಟ ಬಿಟ್ಟವರು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದ ಇವರಿಗೆ ನಲವತ್ತರ ಆಸುಪಾಸು. "ಊಟ ಮುಗಿದ ಸ್ವಲ್ಪ ಹೊತ್ತಿಗೆ ಎದೆ ಡವಡವ ಅನ್ನುತ್ತದೆ, ನಡುವೆ ಒಂದು ಬಡಿತ ತಪ್ಪಿದ ಹಾಗಾಗುತ್ತದೆ" ಎಂದರು. ಹೊಟ್ಟೆ ತುಂಬ ಉಂಡು ಹೋಗಿ ಇಸಿಜಿ ಮಾಡಿಸಿದ್ದರು. ವರದಿಯಲ್ಲಿ ಟಿ ಅಲೆ, ಅಂದರೆ ಇಸಿಜಿ ಗೆರೆಯಲ್ಲಿ ಪ್ರತಿ ಬಡಿತದ ಕೊನೆಗೆ ಕಾಣುವ ಉಬ್ಬು, ಚಪ್ಪಟೆಯಾಗಿದೆ ಎಂದಿತ್ತು. ಖಾಲಿ ಹೊಟ್ಟೆಯಲ್ಲಿ ಮತ್ತೆ ತೆಗೆಸಿದಾಗ ಸರಿಯಾಗಿತ್ತು. ಹೃದಯದ ಸ್ಕ್ಯಾನ್ ಆದ ಎಕೋ ಚೆನ್ನಾಗಿತ್ತು. 24 ಗಂಟೆಯೂ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ಅಲ್ಲೊಂದು ಇಲ್ಲೊಂದು ಅವಸರದ ಬಡಿತ (ಸಮಯಕ್ಕೆ ಮುಂಚೆಯೇ ಬರುವ ಬಡಿತ), ಅಷ್ಟೇ. ಹೆದರಬೇಡಿ ಎಂದು ಹೃದ್ರೋಗ ತಜ್ಞರು ಹೇಳಿದ್ದರು. ಆದರೂ ಇವರು ಒಂದು ಹೊತ್ತಿನ ಊಟ ಬಿಟ್ಟರು, ಆಮೇಲೆ ಇನ್ನೊಂದು. ತೂಕ ಇಳಿಯುತ್ತಾ ಬಂತು.

ನನಗೆ ಎದೆಬಡಿತಕ್ಕಿಂತ ಈ ಉಪವಾಸದ್ದೇ ಚಿಂತೆಯಾಯಿತು.

ಕಾರಣ ಗೊತ್ತಾಗದೆ ಭಯ ಇಳಿಯದು ಅನ್ನಿಸಿ, ಬಿಡಿಸಿ ಹೇಳಿದೆ. ಉಂಡಾಗ ಕರುಳಿಗೆ ಜಾಸ್ತಿ ರಕ್ತ ಬೇಕು, ಹಾಗಾಗಿ ಹೃದಯ ತುಸು ಬೇಗ ಬಡಿಯುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಇನ್ಸುಲಿನ್ ಬರುತ್ತದೆ. ಅದು ಪೊಟ್ಯಾಸಿಯಂ ಅನ್ನೂ ಜೀವಕೋಶಗಳ ಒಳಗೆ ಕಳಿಸುತ್ತದೆ. ಪ್ರತಿ ಬಡಿತದ ನಂತರ ಹೃದಯದ ಸ್ನಾಯು ಮುಂದಿನದಕ್ಕೆ ವಿದ್ಯುತ್ತಿನಲ್ಲಿ ಸಜ್ಜಾಗುವುದನ್ನೇ ಟಿ ಅಲೆ ತೋರಿಸುವುದು. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೆ ಆ ಅಲೆಯೂ ತಗ್ಗಬಹುದು. ಆರೋಗ್ಯವಂತರಲ್ಲೂ ಹೀಗಾಗುತ್ತದೆ. ಉಬ್ಬಿದ ಹೊಟ್ಟೆ, ಮಿದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಬರುವ ವೇಗಸ್ ನರವನ್ನು ಕೆಣಕಿದರೆ ಕೆಲವರಿಗೆ ಅವಸರದ ಬಡಿತ ಬರುತ್ತದೆ. ಅದರ ಬೆನ್ನಿಗೇ ಸಣ್ಣ ವಿರಾಮ, ಆಮೇಲೆ ಜೋರಾದ ಬಡಿತ. ಬಡಿತ ತಪ್ಪಿತು ಅನ್ನಿಸುವುದು ಅದಕ್ಕೇ.

"ಹಾಗಾದರೆ ತಿನ್ನದಿದ್ದರೆ ಒಳ್ಳೆಯದಲ್ವಾ?" ಎಂದು ಕೇಳಿದರು. ಖಂಡಿತ ಅಲ್ಲ. ಬಹಳ ದಿನ ಸರಿಯಾಗಿ ಉಣ್ಣದಿದ್ದರೆ ದೇಹದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾಗಬಹುದು. ಹೃದಯದ ಲಯ ಅಪಾಯಕಾರಿಯಾಗಿ ಕೆಡಬಹುದಾದದ್ದು ಆಗ. ತೂಕ ಇಳಿದಿದ್ದರಿಂದ ಮೊದಲು ಈ ಎರಡರ ರಕ್ತಪರೀಕ್ಷೆಗೆ ಅವರ ವೈದ್ಯರ ಬಳಿ ಕಳಿಸಿದೆ. ಊಟವನ್ನು ಎಷ್ಟೆಷ್ಟು ಹೆಚ್ಚಿಸಬೇಕು ಎಂಬುದನ್ನೂ ಅವರೇ ಹೇಳಲಿ ಎಂದೆ.

ನಾನು ಹೇಳಿದ್ದು ಇಷ್ಟು. ಯಾವ ಹೊತ್ತಿನ ಊಟವನ್ನೂ ಬಿಡಬೇಡಿ. ಒಮ್ಮೆಲೇ ಹೊಟ್ಟೆ ಬಿರಿಯ ಉಣ್ಣುವ ಬದಲು ಸ್ವಲ್ಪ ಸ್ವಲ್ಪ, ನಿಧಾನವಾಗಿ ಉಣ್ಣಿ. ಉಂಡ ತಕ್ಷಣ ಮಲಗಬೇಡಿ. ಮುಂದೆ ಇಸಿಜಿ ತೆಗೆಸುವಾಗ ಉಂಡು ಎಷ್ಟು ಹೊತ್ತಾಯಿತು ಎಂದು ತಿಳಿಸಿ. ಇವರಿಗೆ ಕಷ್ಟವಾಗಿದ್ದು ಮಾತ್ರ ಬೇರೆಯದೇ: ಊಟವಾದ ಮೇಲೆ ನಾಡಿ ಹಿಡಿದು ನೋಡದಿರುವುದು. ಬಡಿತವನ್ನೇ ಕಾಯುತ್ತಾ ಕೂತರೆ ಆತಂಕವೇ ಅದನ್ನು ಇನ್ನಷ್ಟು ಓಡಿಸುತ್ತದೆ. ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡಲು ಹೇಳಿದೆ.

ತಲೆಸುತ್ತಿ ಬಿದ್ದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ, ಬಡಿತ ಓಡಲು ಶುರುವಾಗಿ ನಿಲ್ಲದೇ ಇದ್ದರೆ ನನಗೆ ಫೋನ್ ಮಾಡುತ್ತಾ ಕೂರಬಾರದು, ನೇರ ಆಸ್ಪತ್ರೆಗೆ ಹೋಗಬೇಕು ಎಂದು ಮನೆಯವರಿಗೂ ತಿಳಿಸಿದ್ದೇನೆ.

ಈಗ ಹಗಲಿನ ಊಟ ಸರಿಯಾಗಿದೆ. ರಾತ್ರಿಯ ಊಟಕ್ಕೆ ಇನ್ನೂ ಹಿಂಜರಿಯುತ್ತಾರೆ. ಮುಂದಿನ ಭೇಟಿಗಳಲ್ಲಿ ಅದರ ಮೇಲೇ ಕೆಲಸ ಮಾಡಲಿದ್ದೇವೆ.